ಪೆಟ್ಟಿಗೆಯಲ್ಲಿಟ್ಟ ಬದಲಿ ಬುಗುರಿ

ಟೊಮ್ಯಾಟೊ ಸಾಸಿನ ಒಂದು ಪೊಟ್ಟಣ ಮನುಷ್ಯನಿಗೆ ಎಷ್ಟು ಕೋಪ ತರಿಸಬಲ್ಲದು ಎಂಬುದನ್ನು ನಾನು ನನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ರಾಮನಗರದ ಹೊರವಲಯದ ಬಂಡೆಯೊಂದರ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಲಿತೆ. ಪಪ್ಸು ಕೊಂಡರೆ ಬೇಕರಿಯವನು ಕೇಳದೆಯೇ ಕೊಡುವ, ಹಲ್ಲಿನಲ್ಲಿ ಹರಿದರೆ ನೇರವಾಗಿ ಅಂಗಿಯ ಮೇಲೇ ಹಾರುವ ಆ ಕೆಂಪು ಪೊಟ್ಟಣ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ, ನಾನು ಹಿಂದಿನ ತಿಂಗಳಷ್ಟೇ ಇಟ್ಟುಹೋಗಿದ್ದ ಹಿತ್ತಾಳೆಯ ಗೆಜ್ಜೆಯ ಜಾಗದಲ್ಲಿ, ಸರ್ವತಂತ್ರ ಸ್ವತಂತ್ರವಾಗಿ ಪವಡಿಸಿತ್ತು. ಗೆಜ್ಜೆ ಮಾಯವಾಗಿತ್ತು. ಅಂದರೆ ಯಾರೋ ಒಬ್ಬ ಮಹಾನುಭಾವ ನಾಲ್ಕು ಕಡೆ ನೋಡಿ, ಗೆಜ್ಜೆಯನ್ನು ಜೇಬಿಗಿಳಿಸಿ, ಜೇಬಿನಲ್ಲೇ ಇದ್ದ ಸಾಸನ್ನು ಅದರ ಸ್ಥಾನದಲ್ಲಿ ಪ್ರತಿಷ್ಠಾಪಿಸಿ, ತನ್ನ ಪಾಲಿನ ವ್ಯವಹಾರ ಚುಕ್ತಾ ಆಯಿತೆಂದು ತೃಪ್ತಿಯಿಂದ ಬೆಟ್ಟ ಇಳಿದಿದ್ದ.

ಜಿಯೋಕ್ಯಾಶಿಂಗ್ ಎಂಬ ಈ ಆಟ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ಎರಡು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಬಂಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮೊಬೈಲಿನ ಆ್ಯಪಿನಲ್ಲಿ ಹಾಕುತ್ತಾರೆ. ಇನ್ಯಾರೋ ಮೊಬೈಲು ಹಿಡಿದು, ಮುಳ್ಳು ತುಳಿದು, ಅದನ್ನು ಹುಡುಕಿ ತೆಗೆಯುತ್ತಾರೆ. ಒಳಗಿರುವ ಪುಟ್ಟ ಪುಸ್ತಕದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಮನಸ್ಸಾದರೆ ಅಲ್ಲಿರುವ ಸಾಮಾನೊಂದನ್ನು ತೆಗೆದುಕೊಂಡು ತಮ್ಮದೊಂದನ್ನು ಇಟ್ಟು, ಡಬ್ಬಿಯನ್ನು ಮೊದಲಿದ್ದಂತೆಯೇ ಮುಚ್ಚಿ ಬರುತ್ತಾರೆ. ಇಷ್ಟೇ ಆಟ. ನನಗೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ದಿನಾ ನಡೆಯಲು ಹೇಳಿದಾಗ, ಕನಕಪುರದ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಮಗಳು ಸುಧಾ ಈ ಆ್ಯಪನ್ನು ಮೊಬೈಲಿಗೆ ಹಾಕಿಕೊಟ್ಟಳು. ಸುಮ್ಮನೆ ನಡೆಯುವುದು ಅಪ್ಪನಿಂದ ಆಗದು, ತಪಾಸಣೆಗೆ ಏನಾದರೂ ಇದ್ದರೆ ಮಾತ್ರ ಅವರ ಕಾಲು ಏಳುತ್ತದೆ ಎಂದು ಆಕೆಗೆ ಗೊತ್ತು.

ತಪಾಸಣೆ ನನ್ನ ರಕ್ತದಲ್ಲಿ ಬೆರೆತದ್ದಕ್ಕೆ ಕಾರಣವಿದೆ. ಮೂವತ್ತನಾಲ್ಕು ವರ್ಷ ನಾನು ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಗುಮಾಸ್ತನಾಗಿದ್ದೆ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ಹೀಗೆ ನಾಲ್ಕು ತಾಲ್ಲೂಕಿನ ನೀರು ಕುಡಿದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಹಿಡಿದು ಎದುರಿಗೆ ಬಂದು ನಿಂತ ಪ್ರತಿಯೊಬ್ಬನೂ ತನ್ನ ಹೆಸರು ಹೇಳಿದಾಗ, ಇವನು ಅವನೇ ಎಂಬುದಕ್ಕೆ ಏನು ಖಾತರಿ ಎಂದು ಯೋಚಿಸುವುದೇ ನನ್ನ ಸಂಬಳದ ಕೆಲಸವಾಗಿತ್ತು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು, ಆದರೆ ಅನುಮಾನವನ್ನು ಮಾತ್ರ ಕಚೇರಿಯಲ್ಲಿ ಬಿಟ್ಟುಬರಲು ಯಾರೂ ಹೇಳಲಿಲ್ಲ. ಮದುವೆ ಮನೆಯಲ್ಲಿ ಊಟ ರುಚಿಯಾಗಿದ್ದರೆ ಯಾಕಿಷ್ಟು ರುಚಿಯಾಗಿದೆ ಎಂದು ನನಗೆ ಗುಮಾನಿ. ತರಕಾರಿಯವನು ಕೊತ್ತಂಬರಿ ಸೊಪ್ಪು ಕೊಸರು ಹಾಕಿದರೆ ಟೊಮ್ಯಾಟೊದಲ್ಲಿ ಹುಳುಕಿದೆ ಎಂದು ಗುಮಾನಿ. ನನ್ನ ಹೆಂಡತಿ ಜಯ ಈ ಮೂವತ್ತೈದು ವರ್ಷದಲ್ಲಿ ಒಂದೇ ಒಂದು ಸಲ ನನಗೆ ಹುಟ್ಟುಹಬ್ಬಕ್ಕೆ ಅಂಗಿ ತಂದುಕೊಟ್ಟಳು. ಯಾಕೆ ತಂದೆ ಎಂದು ನಾನು ಕೇಳಿದ ಮೇಲೆ ಆ ಪದ್ಧತಿ ನಿಂತುಹೋಯಿತು.

ಇಂಥವನಿಗೆ ಈ ಆಟದ ಕೊಡು-ಕೊಳ್ಳುವ ನಿಯಮ ಶಾಸ್ತ್ರಗ್ರಂಥದಂತೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತೆಗೆದುಕೊಂಡದ್ದಕ್ಕೆ ಸಮನಾದದ್ದನ್ನೋ ಮೇಲಾದದ್ದನ್ನೋ ಇಡಬೇಕು. ಇಡಲು ಕೈಯಲ್ಲಿ ಏನೂ ಇಲ್ಲದಿದ್ದರೆ ಏನನ್ನೂ ಮುಟ್ಟದೆ ಹೆಸರು ಬರೆದು ಬರಬೇಕು. ಏನು ತೆಗೆದೆ, ಏನು ಇಟ್ಟೆ ಎಂಬುದನ್ನು ಪುಸ್ತಕದಲ್ಲಿ ಕಾಣಿಸಬೇಕು. ತಿನ್ನುವ ಪದಾರ್ಥ ಕೂಡದು. ಕಡೆಯ ನಿಯಮಕ್ಕೆ ನಮ್ಮ ಕಡೆ ವಿಶೇಷ ಅರ್ಥವಿದೆ, ಯಾಕೆಂದರೆ ಬೇರೆ ಊರಿನ ಡಬ್ಬಿಗೆ ಇರುವೆ ಬಂದರೆ ನಮ್ಮ ರಾಮನಗರದ ಬೆಟ್ಟದ ಡಬ್ಬಿಗೆ ಕರಡಿಯೇ ಬಂದೀತು. ಇವೆಲ್ಲಕ್ಕಿಂತ ಪವಿತ್ರವಾದ ನಿಯಮವೊಂದಿದೆ: ಕೆಲವರು ತಮ್ಮ ವಸ್ತುವಿಗೆ ಚೀಟಿ ಕಟ್ಟಿ, ಇದು ಪ್ರಯಾಣಿಕ ಎಂದು ಬರೆದು ಇಟ್ಟಿರುತ್ತಾರೆ. ಅದನ್ನು ಯಾರೂ ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ಎತ್ತಿಕೊಂಡವರು ಇನ್ನೊಂದು ಊರಿನ ಡಬ್ಬಿಗೆ ಮುಟ್ಟಿಸಬೇಕು, ಅಲ್ಲಿಂದ ಇನ್ಯಾರೋ ಮುಂದಕ್ಕೆ.

ಸಮ ಎಂದರೆ ಯಾವುದಕ್ಕೆ ಯಾವುದು ಸಮ ಎಂದು ಮಾತ್ರ ಯಾವ ನಿಯಮವೂ ಹೇಳುವುದಿಲ್ಲ. ನಮ್ಮ ಕಚೇರಿಯಲ್ಲಾದರೆ ಪ್ರತಿ ಊರಿನ ಪ್ರತಿ ಸರ್ವೆ ನಂಬರಿಗೂ ಮಾರ್ಗಸೂಚಿ ಬೆಲೆಯಿತ್ತು. ಒಂದು ಗೋಲಿಗೆ ಎಷ್ಟು ಹೇರ್‌ಪಿನ್ನು, ಒಂದು ನವಿಲುಗರಿಗೆ ಎಷ್ಟು ಕೀಚೈನು ಎಂದು ಯಾವ ಸರ್ಕಾರ ಗೊತ್ತುಮಾಡೀತು? ಎಲ್ಲವನ್ನೂ ಅವರವರ ಮರ್ಯಾದೆಗೇ ಬಿಟ್ಟಿದ್ದಾರೆ. ಮರ್ಯಾದೆಗೆ ಬಿಟ್ಟ ವ್ಯವಹಾರಗಳ ಗತಿ ಏನಾಗುತ್ತದೆಂದು ನಾನು ಮೂವತ್ತನಾಲ್ಕು ವರ್ಷ ಕಣ್ಣಾರೆ ಕಂಡಿದ್ದೆ.

ಮೊದಮೊದಲು ಡಬ್ಬಿಗಳು ಚೆನ್ನಾಗಿಯೇ ಇದ್ದವು. ಕುದೂರಿನ ಹತ್ತಿರದ ಡಬ್ಬಿಯಲ್ಲಿ ರೇಷ್ಮೆಗೂಡು ಪೋಣಿಸಿ ಮಾಡಿದ ಒಂದು ಪುಟಾಣಿ ಹಾರ ಸಿಕ್ಕಿತ್ತು. ಬೈರಮಂಗಲದ ಕೆರೆ ಏರಿಯ ಬಳಿಯ ಡಬ್ಬಿಯಲ್ಲಿ ತೂತಿರುವ ಪರದೇಶದ ನಾಣ್ಯ, ಮಾಗಡಿಯ ತೋಪೊಂದರ ಡಬ್ಬಿಯಲ್ಲಿ ತೆಂಗಿನ ಚಿಪ್ಪಿನಲ್ಲಿ ಕೆತ್ತಿದ ಆಮೆ. ರಾಮನಗರದ ಬಂಡೆಯ ಬುಡಕ್ಕೆ ನಾನೇ ಒಂದು ಡಬ್ಬಿ ಇಟ್ಟು, ಅದರ ಯಜಮಾನನಾದೆ. ಆರೇಳು ತಿಂಗಳು ಕಳೆಯುವಷ್ಟರಲ್ಲಿ ಇಳಿಗಾಲ ಶುರುವಾಯಿತು. ಟೋಲಿನ ಚೀಟಿ, ಸತ್ತ ಬ್ಯಾಟರಿ, ಹೋಟೆಲಿನ ಹಲ್ಲುಕಡ್ಡಿ, ಒಂಟಿ ಓಲೆ, ಸೈಟು ಮಾರುವವರ ವಿಸಿಟಿಂಗ್ ಕಾರ್ಡು. ಅದರಲ್ಲಿ ನೂರಕ್ಕೆ ನೂರು ಕ್ಲಿಯರ್ ಟೈಟಲ್ ಎಂದು ಬರೆದಿರುವುದನ್ನು ಓದಿ ನನಗೆ ಆ ಕಾಡಿನಲ್ಲೂ ನಗು ಬಂತು. ಎಲ್ಲಿ ನೋಡಿದರೂ ಬಾಲ್‌ಪೆನ್ನುಗಳು ಬೇರೆ. ಕನಕಪುರದ ಡಬ್ಬಿಯ ಪುಸ್ತಕದಲ್ಲಿ ಯಾರೋ ನೊಂದವರು, "ಒಳ್ಳೆಯದನ್ನೆಲ್ಲಾ ಎತ್ತಿಕೊಂಡು ಪೆನ್ನು ಇಟ್ಟುಹೋಗುವ ಪುಣ್ಯಾತ್ಮರೇ, ದಯವಿಟ್ಟು ನಿಲ್ಲಿಸಿ" ಎಂದು ಬರೆದಿದ್ದರು. ಅದರ ಕೆಳಗೆ ನಾನು "ನೂರಕ್ಕೆ ನೂರು ನಿಜ" ಎಂದು ಬರೆದು ಸಹಿ ಹಾಕಿ ಬಂದೆ.

ಯಾರು ಈ ಕಳ್ಳರು? ಶನಿವಾರ ಭಾನುವಾರ ಹಗ್ಗ ಹೊತ್ತು ಬಂಡೆ ಹತ್ತಲು ಬರುವವರ ಮೇಲೆ ನನಗೆ ಮೊದಲ ಅನುಮಾನ. ಅಷ್ಟು ದೊಡ್ಡ ಚೀಲ ಬೆನ್ನಿಗಿದ್ದರೆ ಅದರೊಳಗೆ ಏನೇನು ಹೋಗಿರಬಹುದು? ಕುರಿ ಮೇಯಿಸುವ ಒಬ್ಬಾಕೆ ನನ್ನನ್ನು ಕಂಡಾಗಲೆಲ್ಲ ನಕ್ಕು ಮಾತಾಡಿಸುತ್ತಿದ್ದಳು. ಅಪರಿಚಿತರಿಗೆ ನಗುವವರ ಮೇಲೆ ಎರಡನೆಯದು. ಕೋತಿಗಳನ್ನೂ ಬಿಡಲಿಲ್ಲ, ಆದರೆ ಕೋತಿ ಸಾಸನ್ನು ಬಿಟ್ಟುಹೋಗುವ ಪ್ರಾಣಿಯಲ್ಲವೆಂದು ತರ್ಕಿಸಿ ಅವುಗಳನ್ನು ಆರೋಪಮುಕ್ತಗೊಳಿಸಿದೆ. ಭೂತಗನ್ನಡಿ ಹಿಡಿದು ಪುಸ್ತಕದ ಸಹಿಗಳನ್ನು ಹೋಲಿಸುತ್ತ ಬಂಡೆಯ ನೆರಳಿನಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದೆ. ನನ್ನ ಸಕ್ಕರೆ ಇಳಿಯಲಿಲ್ಲ, ರಕ್ತದೊತ್ತಡ ಮಾತ್ರ ಏರಿತು.

ಇಲ್ಲಿ ಒಂದು ಸಂಗತಿಯನ್ನು ನಿಮ್ಮ ಕಿವಿಯಲ್ಲಿ ಹೇಳಬೇಕು. ಅಮೂಲ್ಯವಾದದ್ದನ್ನು ಸಾರ್ವಜನಿಕರ ಕೈಗೆ ಸಿಗುವಂತೆ ಇಡಬಾರದು, ಮೂಲವನ್ನು ಬೀರುವಿನಲ್ಲಿಟ್ಟು ಕೇಳಿದವರಿಗೆ ನಕಲು ಕೊಡಬೇಕು ಎಂಬುದು ನಮ್ಮ ಕಚೇರಿಯ ಪದ್ಧತಿ. ಹಾಗಾಗಿ ಯಾವ ಡಬ್ಬಿಯಲ್ಲಿ ಒಳ್ಳೆಯ ವಸ್ತು ಕಂಡರೂ, ಇದು ಕಳ್ಳನ ಪಾಲಾಗುವ ಮೊದಲು ಭದ್ರಪಡಿಸೋಣವೆಂದು ನಾನು ಮನೆಗೆ ತರತೊಡಗಿದೆ. ಕದಿಯಲಿಲ್ಲ, ದಯವಿಟ್ಟು ಗಮನಿಸಿ, ಭದ್ರಪಡಿಸಿದೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ತಾರೀಖು, ಡಬ್ಬಿಯ ಹೆಸರು, "ರಕ್ಷಣೆಯ ದೃಷ್ಟಿಯಿಂದ ತೆಗೆದಿರಿಸಿದೆ" ಎಂಬ ಷರಾ ಬರೆದು, ಮಲಗುವ ಕೋಣೆಯ ಬೀರುವಿನ ಕೆಳಖಾನೆಯಲ್ಲಿ ಇಡುತ್ತಿದ್ದೆ. ಡಬ್ಬಿಯ ಲೆಕ್ಕ ತಪ್ಪಬಾರದಲ್ಲ, ಅದಕ್ಕೆ ಬದಲಿಯಾಗಿ ಒಂದೊಂದು ಬಾಲ್‌ಪೆನ್ನು ಇಟ್ಟುಬರುತ್ತಿದ್ದೆ. ನಿವೃತ್ತಿಯಲ್ಲಿ ಬಂದ ಪೆನ್ನುಗಳು ಮನೆಯಲ್ಲಿ ರಾಶಿ ಇದ್ದವು. ಕನಕಪುರದ ಪುಸ್ತಕದಲ್ಲಿ ಆ ದೂರನ್ನು ಓದಿದಾಗ ಅದು ನನ್ನನ್ನು ಕುರಿತದ್ದೆಂದು ನನಗೆ ಹೊಳೆಯಲೇ ಇಲ್ಲ. ದೇವರಾಣೆಗೂ ಹೊಳೆಯಲಿಲ್ಲ.

ಹೀಗಿರುವಾಗ ಈ ಆಟಕ್ಕೆ ಮುನೀರ್ ಸಾಬರು ಬಂದರು. ಚನ್ನಪಟ್ಟಣದಲ್ಲಿ ನಾನು ಕೆಲಸಕ್ಕಿದ್ದಾಗ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಆದ ಪರಿಚಯ, ಇಪ್ಪತ್ತು ವರ್ಷದ ಸ್ನೇಹವಾಗಿ ಬೆಳೆದದ್ದು. ಹಾಲೆ ಮರದಲ್ಲಿ ಬೊಂಬೆ ಕಡೆಯುವ ಮನೆತನ ಅವರದು. ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆ ಎಲೆ ಹಿಡಿದು ತೀಡಿದರೆ ಮುಖ ಕಾಣುವಂಥ ಹೊಳಪು. ನನ್ನ ಈ ಹೊಸ ಹುಚ್ಚಿನ ಕತೆಯನ್ನು ಕೇಳಿದ ಸಾಬರು ಒಂದು ವಾರ ಯೋಚನೆ ಮಾಡಿ, ಒಂದು ಭಾನುವಾರ ಬೆಳಿಗ್ಗೆ ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಅದೊಂದು ಬುಗುರಿ. ಕೆಂಪು, ಹಳದಿ, ನಡುವೆ ದಾರದಷ್ಟು ತೆಳುವಾದ ಒಂದು ಹಸಿರು ಗೆರೆ. ಅವರ ತಂದೆ ಕಡೆಗಾಲದಲ್ಲಿ, ಕಣ್ಣು ಮಂಜಾದ ಮೇಲೆ, ಕೈ ಅಂದಾಜಿನಲ್ಲೇ ಕಡೆದ ಕೊನೆಯ ಬುಗುರಿಯಂತೆ.

"ಅಬ್ಬಾ ಮಾಡಿದ್ದು ಎಲ್ಲೆಲ್ಲಿಗೋ ಹೋಯ್ತು ಸ್ವಾಮಿ, ಅವ್ರು ಮಾತ್ರ ಚನ್ನಪಟ್ಣ ಬುಟ್ಟು ಆಚೆಗೆ ಹೋಗ್ಲಿಲ್ಲ," ಎಂದರು. "ಇದೊಂದು ನನ್ ತಾವ ಉಳ್ಕಂಡೈತೆ. ಇದ್ನ ನಿಮ್ ಪೆಟ್ಟಿಗೇಲಿ ಬುಡ್ತೀನಿ. ಊರೂರು ನೋಡ್ಕಂಡು ಹೋಗ್ಲಿ."

ಪ್ರಯಾಣಿಕ ಎಂಬ ಚೀಟಿಯನ್ನು ನಾನೇ ಬರೆದುಕೊಟ್ಟೆ. ಇಬ್ಬರೂ ಬಂಡೆಯ ಹತ್ತಿರ ಹೋದೆವು. ಸಾಬರು ಬುಗುರಿಯನ್ನು ಡಬ್ಬಿಯಲ್ಲಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಆ ಹೊತ್ತಿನಲ್ಲಿ ಸುಮ್ಮನಿರುವುದು ಬಿಟ್ಟು ನಾನು ನನ್ನ ಅನುಭವದ ಗಂಟು ಬಿಚ್ಚಿದೆ. ಹೊರಗಿನವರಿಗೆ ಹೆದರಬೇಡಿ ಸಾಬ್ರೇ, ನನ್ನ ಸರ್ವೀಸಿನಲ್ಲಿ ಸಿಕ್ಕಿಬಿದ್ದ ಖೋಟಾ ಸಹಿಗಳೆಲ್ಲ ಅಣ್ಣತಮ್ಮಂದಿರದು, ಭಾವಂದಿರದು, ಅಳಿಯಂದಿರದು, ಕೈ ಹಾಕುವವರು ಯಾವಾಗಲೂ ಹತ್ತಿರದವರೇ ಎಂದೆ. ಅವರು ನಕ್ಕು ಡಬ್ಬಿಯ ಮುಚ್ಚಳ ಒತ್ತಿದರು.

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೋಲು ಚೀಟಿಗೂ ಹಲ್ಲುಕಡ್ಡಿಗೂ ನಡುವೆ ಆ ಬುಗುರಿ! ಮೂರನೆಯ ದಿನ ಹೋಗಿ ಅದನ್ನು ಭದ್ರಪಡಿಸಿದೆ. ಆದರೆ ಇದಕ್ಕೆ ಬಾಲ್‌ಪೆನ್ನು ಇಡುವಷ್ಟು ಕಟುಕ ನಾನಲ್ಲ. ಅಳತೆಯನ್ನೂ ಬಣ್ಣವನ್ನೂ ಚೀಟಿಯಲ್ಲಿ ಬರೆದುಕೊಂಡು, ಟೇಪು ಹಿಡಿದು ಹೈವೇ ಬದಿಯ ಒಂದು ಬೊಂಬೆ ಅಂಗಡಿ ಹೊಕ್ಕು, ಇಪ್ಪತ್ತು ಬುಗುರಿ ಅಳೆದು ನೋಡಿ, ಹೆಚ್ಚುಕಡಿಮೆ ಅದನ್ನೇ ಹೋಲುವ ಒಂದನ್ನು ಆರಿಸಿ, ಅದಕ್ಕೆ ಸಾಬರ ಚೀಟಿಯನ್ನು ಕಟ್ಟಿ ಡಬ್ಬಿಯಲ್ಲಿಟ್ಟೆ. ಮೂಲ ಬೀರುವಿನಲ್ಲಿ, ದೃಢೀಕೃತ ನಕಲು ಬಂಡೆಯ ಬುಡದಲ್ಲಿ. ಆ ರಾತ್ರಿ ಸುಖನಿದ್ದೆ ಬಂತು.

ಒಂದು ತಿಂಗಳು ಕಳೆದಿರಬೇಕು. ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿದ ಬಿಳಿ ಉಡುಪಿನಲ್ಲೇ ಮುನೀರ್ ಸಾಬರು ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ನಕಲು ಬುಗುರಿ, ಇನ್ನೊಂದರಲ್ಲಿ ಡಬ್ಬಿಯೊಳಗಿನ ಪುಸ್ತಕ. ಬುಗುರಿ ಎಲ್ಲಿಯವರೆಗೆ ಹೋಯಿತೋ ನೋಡೋಣವೆಂದು ಹತ್ತು ದಿನದ ಹಿಂದೆ ಒಬ್ಬರೇ ಬಂಡೆಯ ಹತ್ತಿರ ಹೋಗಿದ್ದರಂತೆ. ಸೋಫಾದ ತುದಿಯಲ್ಲಿ ಕುಳಿತು, ಬುಗುರಿಯ ಮೇಲೆ ಉಗುರು ಎಳೆದು ತೋರಿಸಿದರು. ಬಣ್ಣ ಚಕ್ಕೆಯಾಗಿ ಎದ್ದುಬಂತು.

"ಅರಗು ಉಗುರಿಗೆ ಏಳಲ್ಲ ಸ್ವಾಮಿ. ಇದು ಪೇಂಟು. ಯಾರೋ ಅಬ್ಬಾದು ಎತ್ಕಂಡು ಇದ್ನ ಮಡಗವ್ರೆ. ಈ ಗಿಳಿ ಹಸಿರು ನೋಡಿ, ಇಂಥ ಮಾಲು ನಮ್ ಇಲ್ಯಾಸನ ಅಂಗ್ಡೀಲಿ ಬುಟ್ರೆ ಬೇರೆ ಕಡೆ ಇಲ್ಲ. ಇದ್ನ್ಯಾಕಯ್ಯ ಮಾರ್ತೀಯ ಅಂತ ನಾನೇ ಬೈದು ಬಂದಿದ್ದೆ."

ಇಲ್ಯಾಸ್ ಎಂದರೆ ಅವರ ತಂಗಿಯ ಗಂಡ. ಹೈವೇಯಲ್ಲಿ ಬೊಂಬೆ ಅಂಗಡಿ. ನಾನು ಟೇಪು ಹಿಡಿದು ಹೊಕ್ಕಿದ್ದು ಸಾಲಿನಲ್ಲಿದ್ದ ಹತ್ತಾರು ಅಂಗಡಿಗಳಲ್ಲಿ ಅವರದ್ದನ್ನೇ ಎಂದು ಆ ಕ್ಷಣದಲ್ಲಿ ತಿಳಿಯಿತು. ಮಾವನ ಆ ಕೊನೆಯ ಬುಗುರಿಯನ್ನು ಅಂಗಡಿಯ ಗಾಜಿನ ಬೀರುವಿನಲ್ಲಿಡಲು ಇಲ್ಯಾಸ್ ಹಿಂದೊಮ್ಮೆ ಕೇಳಿದ್ದರಂತೆ, ಸಾಬರು ಕೊಟ್ಟಿರಲಿಲ್ಲವಂತೆ. ಪೆಟ್ಟಿಗೆಯ ಸಂಗತಿಯನ್ನು ಸಾಬರೇ ಮನೆಯಲ್ಲಿ ಊಟದ ಹೊತ್ತಿಗೆ ಇಲ್ಯಾಸ್ ಸೇರಿದಂತೆ ಎಲ್ಲರ ಮುಂದೆ ಹೇಳಿದ್ದರಂತೆ. ಆಸೆಯಿತ್ತು, ಸುಳಿವಿತ್ತು, ಮಾಲೂ ಇತ್ತು. ನನ್ನ ಮೂವತ್ತನಾಲ್ಕು ವರ್ಷದಲ್ಲಿ ಇಷ್ಟು ಗಟ್ಟಿಯಾದ ಕೇಸು ನೋಡಿದ ನೆನಪಿಲ್ಲ.

"ಹತ್ತು ದಿನ ಆಯ್ತು, ಅವನ ಸಲಾಮಿಗೆ ನಾನು ಮಾರುತ್ರ ಕೊಟ್ಟಿಲ್ಲ. ಭಾನುವಾರ ಅವನ ಮಗಳ ನಿಶ್ಚಿತಾರ್ಥ. ನಾನು ಹೋಗಾಕಿಲ್ಲ," ಎಂದರು ಸಾಬರು. "ಹತ್ತಿರದೋರೇ ಕೈ ಹಾಕೋದು ಅಂತ ನೀವು ಅವತ್ತೇ ಹೇಳಿದ್ರಿ, ನಾನು ನಕ್ಬುಟ್ಟೆ. ಈ ಬುಕ್ಕು ಒಸಿ ನೋಡಿ. ಕಳ್ಳ ಹೆಸರಲ್ಲಿ ಬರ್ದಿದ್ರೂ ಕೈಬರಹ ಅವನ್ದೇನಾ ಅಂತ ನಿಮ್ಗೆ ಗೊತ್ತಾಯ್ತದೆ."

ಈಗಲಾದರೂ ಬಾಯಿಬಿಡಬೇಕಾಗಿತ್ತು. ಬೀರು ಹತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ನಾನು ಏನು ಮಾಡಿದೆ ಗೊತ್ತೆ? ಕನ್ನಡಕ ಹಾಕಿಕೊಂಡೆ. ಭೂತಗನ್ನಡಿ ತಂದೆ. ನನ್ನದೇ ಅಪರಾಧದ ತನಿಖಾಧಿಕಾರಿಯಾಗಿ ಕಿಟಕಿಯ ಬೆಳಕಿಗೆ ಪುಟ ಹಿಡಿದು ಐದು ನಿಮಿಷ ನೋಡಿದೆ. ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕಿತು. ಕಡೆಗೆ, ಖಚಿತವಾಗಿ ಹೇಳುವುದಕ್ಕೆ ಬರುವುದಿಲ್ಲ ಎಂದೆ. ಕಚೇರಿಯಲ್ಲಿ ಹೊಣೆ ತಪ್ಪಿಸಿಕೊಳ್ಳಬೇಕಾದಾಗಲೆಲ್ಲ ನಾನು ಬರೆಯುತ್ತಿದ್ದ ವಾಕ್ಯ ಅದು. ಅದನ್ನು ಕೇಳುವ ಕಿವಿಗೆ ಅದರ ಅರ್ಥ ಬೇರೆಯೇ ಆಗಿತ್ತು. ಸ್ನೇಹಿತನ ಮುಲಾಜಿಗೆ ಇವರು ಹೆಸರು ಹೇಳುತ್ತಿಲ್ಲ, ಅಂದರೆ ಅವನೇ, ಎಂದು ಸಾಬರು ತೀರ್ಮಾನಿಸಿದರು. ಎದ್ದು ನಿಂತು, ಪುಸ್ತಕವನ್ನೂ ಬುಗುರಿಯನ್ನೂ ಮೇಜಿನ ಮೇಲಿಟ್ಟು, ಜಯ ತಂದ ಟೀಯನ್ನು ಕುಡಿಯದೆ ಹೊರಟುಹೋದರು.

ಜಯ ಟೀ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಬೀರುವಿನ ಬಾಗಿಲು ಕಿರ್ರೆಂದಿತು. ನಾನು ಹೋಗುವಷ್ಟರಲ್ಲಿ ಕೆಳಖಾನೆಯಲ್ಲಿದ್ದದ್ದೆಲ್ಲ ಮಂಚದ ಮೇಲೆ ಸಾಲಾಗಿ ಕುಳಿತಿತ್ತು. ರೇಷ್ಮೆಗೂಡಿನ ಹಾರ, ತೂತಿನ ನಾಣ್ಯ, ಚಿಪ್ಪಿನ ಆಮೆ, ಬಳಪದ ಕಲ್ಲಿನ ಪುಟ್ಟ ಒರಳು. ಒಟ್ಟು ಹನ್ನೊಂದು ಸಾಮಾನು, ಹನ್ನೊಂದು ಚೀಟಿ, ಹನ್ನೊಂದು ಸಲ ನನ್ನ ದುಂಡು ಅಕ್ಷರ. ಕಡೆಯದಾಗಿ ಬುಗುರಿ.

"ಅಲ್ಲಾ ಕಣ್ರೀ, ಊರಲ್ಲಿರೋ ಡಬ್ಬಿಯೆಲ್ಲ ಖಾಲಿ ಆಗ್ತಿವೆ ಅಂತ ದಿನಾ ಬಯ್ತಿದ್ರಲ್ಲ," ಎಂದಳು. "ಇದೇನಿದು?"

ಭದ್ರಪಡಿಸಿದ್ದು ಎಂಬ ಪದ ಬಾಯಿಯವರೆಗೆ ಬಂದು ಅಲ್ಲೇ ಕುಳಿತಿತು. ಸಾಸು ಇಟ್ಟವನು, ಹಲ್ಲುಕಡ್ಡಿ ಇಟ್ಟವನು ಯಾರೋ ಇದ್ದಿರಬಹುದು, ಇದ್ದಾರೆ, ಅವರನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ಡಬ್ಬಿ ತೆರೆದವನಿಗೆ ಒಳಗೆ ಬರೀ ಪೆನ್ನು ಕಂಡರೆ ಅವನಾದರೂ ಜೇಬಿನಿಂದ ಯಾವ ರತ್ನ ತೆಗೆದಿಟ್ಟಾನು? ನಾಲ್ಕು ತಾಲ್ಲೂಕಿನ ಪೆಟ್ಟಿಗೆಗಳು ಬಡವಾದದ್ದರಲ್ಲಿ ದೊಡ್ಡ ಪಾಲು ಆ ಮಂಚದ ಮೇಲಿತ್ತು. ಅದನ್ನಾದರೂ ನಗುತ್ತ ಒಪ್ಪಿಕೊಳ್ಳಬಹುದಾಗಿತ್ತು. ಆದರೆ ಭಾನುವಾರ ಒಬ್ಬ ಹುಡುಗಿ, ನನ್ನ ಸೋದರಮಾವ ಯಾಕೆ ಬರಲಿಲ್ಲ ಎಂದು ಬಾಗಿಲ ಕಡೆ ನೋಡುತ್ತ ಕೂರುತ್ತಾಳೆ ಎಂಬುದನ್ನು ನಗುತ್ತ ಒಪ್ಪಿಕೊಳ್ಳುವಂತಿರಲಿಲ್ಲ. ಶನಿವಾರ ಇಡೀ ದಿನ ಧೈರ್ಯ ಬರಲಿಲ್ಲ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚನ್ನಪಟ್ಟಣದ ಅವರ ಕಾರ್ಖಾನೆಗೆ ಹೋದೆ. ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಕೋಣೆ, ಎರಡು ಲೇತು. ಹಬ್ಬದ ಬಟ್ಟೆ ಹಾಕಿಕೊಳ್ಳಬೇಕಾದ ದಿನ ಸಾಬರು ಹಳೆಯ ಬನಿಯನ್ನಿನಲ್ಲಿ ಕುಳಿತು ಯಾರಿಗೂ ಬೇಡವಾದ ಮಣಿಗಳನ್ನು ಕಡೆಯುತ್ತಿದ್ದರು. ನಾನು ಬುಗುರಿಯನ್ನು ಅವರ ಮುಂದಿಟ್ಟೆ. ಲೇತು ನಿಂತಿತು. ಪೀಠಿಕೆ ಏನೂ ಹಾಕದೆ, ತೆಗೆದವನು ನಾನು, ಬದಲಿ ಇಟ್ಟವನು ನಾನು, ಮೊನ್ನೆ ಸುಳ್ಳು ಹೇಳಿದವನೂ ನಾನು ಎಂದೆ. ನನ್ನ ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಚಿಕ್ಕ ವಾಕ್ಯಗಳು ಅವು.

ಸಾಬರು ಬುಗುರಿಯನ್ನು ಹೆಬ್ಬೆರಳಿನಿಂದ ಸವರಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಕೈಕಾಲು ತೊಳೆದು, ಒಳಗೆ ಹೋಗಿ ಇಸ್ತ್ರಿ ಅಂಗಿ ತೊಟ್ಟು ಬಂದು, "ನಡೀರಿ. ನಂಗೆ ಹೇಳಿದ್ನ ಅಲ್ಲೂ ಹೇಳಿ," ಎಂದರಷ್ಟೆ.

ಎರಡು ಬೀದಿ ಆಚೆಗೆ ಶಾಮಿಯಾನ ಹಾಕಿದ್ದರು. ಇಲ್ಯಾಸ್ ನನ್ನನ್ನು ಕಂಡೊಡನೆ, ಟೇಪು ಹಿಡಿದು ಬುಗುರಿ ಅಳೆದ ಗಿರಾಕಿ ಎಂದು ಗುರುತು ಹಿಡಿದು ನಕ್ಕರು. ಆ ನಗುವಿನ ಮುಂದೆ ನಾನು ಎಲ್ಲವನ್ನೂ ಹೇಳಬೇಕಾಯಿತು. ಬಂಧುಗಳು ಸುತ್ತ ನಿಂತಿದ್ದರು; ಸಾಬರ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಣ್ಣನನ್ನೇ ನೋಡುತ್ತಿದ್ದರು. ನಾನು ಮುಗಿಸಿದಾಗ ಇಲ್ಯಾಸ್ ನನ್ನ ಕಡೆ ತಿರುಗಲೂ ಇಲ್ಲ.

"ಇವ್ರು ಹೊರಗಿನೋರು, ತಪ್ಪು ಮಾಡಿದ್ರು, ಬಂದು ಹೇಳಿದ್ರು," ಎಂದು ಮುನೀರ್ ಸಾಬರಿಗೆ ಹೇಳಿದರು. "ಭಾಯ್, ನಿಮ್ಗೆ ಮೊದ್ಲು ನನ್ ಹೆಸ್ರೇ ಬಂತಲ್ಲಾ."

ಸಾಬರ ಬಳಿ ಇದ್ದ ಉತ್ತರ ನಾನು ಹೇಳಿಕೊಟ್ಟದ್ದು, ಅದನ್ನು ಅಲ್ಲಿ ಹೇಳುವಂತಿರಲಿಲ್ಲ. ಅವರು ಜೇಬಿನಿಂದ ಬುಗುರಿಯನ್ನು ತೆಗೆದು ಇಲ್ಯಾಸ್ ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನೀನೇ ತಗಂಡೋಗಿ ಎಲ್ಲಾರ ಬುಡು. ಎಲ್ಲಿ ಬುಟ್ಟೆ ಅಂತ ನಂಗೆ ಹೇಳ್ಬೇಡ. ನಾನು ಕೇಳಾಕಿಲ್ಲ." ಆಮೇಲೆ ಒಳಗೆ ಹೋಗಿ ತಂಗಿಯ ಮಗಳ ತಲೆಯ ಮೇಲೆ ಕೈಯಿಟ್ಟರು. ನನಗೂ ಒಂದು ಕುರ್ಚಿ ಸಿಕ್ಕಿತು, ತಟ್ಟೆಯಲ್ಲಿ ಸಿಹಿ ಸಿಕ್ಕಿತು. ಸಕ್ಕರೆ ಕಾಯಿಲೆಯ ನೆಪ ಹೇಳದೆ ತಿಂದೆ.

ಆಮೇಲಿನ ಎರಡು ತಿಂಗಳು ನಾನು ಬಸ್ಸು ಹಿಡಿದು ಕುದೂರು, ಮಾಗಡಿ, ಬೈರಮಂಗಲ, ಕನಕಪುರಗಳಿಗೆ ತಿರುಗಿ ಹತ್ತು ಸಾಮಾನುಗಳನ್ನು ಅವುಗಳ ಡಬ್ಬಿಗೆ ಸೇರಿಸಿ, ನನ್ನ ಪೆನ್ನುಗಳನ್ನು ಹೆಕ್ಕಿಕೊಂಡು ಬಂದೆ. ಪ್ರತಿ ಪುಸ್ತಕದಲ್ಲೂ, ಇದನ್ನು ಒಯ್ದವನು ನಾನೇ ಎಂದು ಬರೆದು ಸಹಿ ಮಾಡಿದೆ. ಕನಕಪುರದ ಪುಸ್ತಕದಲ್ಲಿ ನನ್ನ "ನೂರಕ್ಕೆ ನೂರು ನಿಜ"ದ ಪಕ್ಕದಲ್ಲೇ ಅದನ್ನು ಬರೆಯಬೇಕಾಯಿತು. ಇದರಿಂದ ಡಬ್ಬಿಗಳೆಲ್ಲ ರಾತ್ರೋರಾತ್ರಿ ತುಂಬಿ ತುಳುಕಿದವೆಂದಾಗಲಿ, ನನ್ನ ಅನುಮಾನದ ರೋಗ ವಾಸಿಯಾಯಿತೆಂದಾಗಲಿ ಹೇಳಿದರೆ ನೀವು ನಂಬಬೇಡಿ. ಮೊನ್ನೆ ಮಾಗಡಿಯ ಡಬ್ಬಿಯಲ್ಲಿ ಹಲ್ಲು ಮುರಿದ ಬಾಚಣಿಗೆ ಇತ್ತು. ಇಟ್ಟವನು ಯಾರಿರಬಹುದೆಂದು ಬಸ್ಸು ರಾಮನಗರ ಸೇರುವವರೆಗೂ ಯೋಚಿಸಿದೆ. ಆದರೆ ಈಗ ಒಂದು ಬದಲಾವಣೆಯಿದೆ, ಹಾಗೆ ಯೋಚಿಸಿದ್ದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ಆ ಬುಗುರಿ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮುನೀರ್ ಸಾಬರು ಕೊಟ್ಟ ಮಾತಿನಂತೆ ಕೇಳಿಲ್ಲ. ನನಗೆ ಮಾತ್ರ ತಡೆಯಲಾಗದೆ ಎರಡು ಸಲ ಇಲ್ಯಾಸ್ ಅವರ ಅಂಗಡಿಯ ಮುಂದೆ ಇಳಿದು, ಗಾಜಿನ ಬೀರುವಿನ ಮೇಲೆ ಒಂದು ಕಣ್ಣು ಹಾಯಿಸಿ, ಕೇಳದೆಯೇ ಹಿಂದಿರುಗಿದ್ದೆ. ಕಳೆದ ವಾರ ಮೂರನೆಯ ಸಲ ಹೋದಾಗ ಗಟ್ಟಿ ಮನಸ್ಸು ಮಾಡಿ ಒಳಗೇ ಹೊಕ್ಕೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಯಾಸ್ ಸ್ಟೂಲು ಎಳೆದು ಕೂರಿಸಿ, ಏನು ಬೇಕು ಸ್ವಾಮಿ ಎಂದು ಮರ್ಯಾದೆಯಿಂದಲೇ ಕೇಳಿದರು. ಕೇಳಬೇಕೆಂದುಕೊಂಡಿದ್ದನ್ನು ಬಿಟ್ಟು, ಒಂದು ಬುಗುರಿ ಕೊಡಿ, ಅರಗಿನದೇ ಆಗಲಿ ಎಂದೆ. ಅವರು ಒಂದನ್ನು ತೆಗೆದು, ಕಾಗದದಲ್ಲಿ ಸುತ್ತಿ, ಕೊಡಲು ಚಾಚಿದ ಕೈಯನ್ನು ನಡುವೆಯೇ ನಿಲ್ಲಿಸಿದರು.

"ಈ ಸಲ ಯಾವ್ದಕ್ಕೆ ಬದ್ಲಿ ಮಡಗಾಕೆ ಸ್ವಾಮಿ?"

ಯಾವುದಕ್ಕೂ ಬದಲಿಯಲ್ಲ, ಸುಮ್ಮನೆ ಡಬ್ಬಿಯಲ್ಲಿಟ್ಟು ಬರುತ್ತೇನೆ, ಏನನ್ನೂ ತೆಗೆಯುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅವರು ತಲೆ ಅಲ್ಲಾಡಿಸಿ ಪೊಟ್ಟಣ ಕೊಟ್ಟರು, ಆದರೆ ಕೊಡುವ ಮೊದಲು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಮೂವತ್ತನಾಲ್ಕು ವರ್ಷ ಮೇಜಿನ ಆಚೆ ನಿಂತವರನ್ನು ನಾನು ನೋಡುತ್ತಿದ್ದದ್ದು ಹಾಗೆಯೇ. ನೋಡಿಸಿಕೊಳ್ಳುವವರಿಗೆ ಹೇಗಾಗುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.